ಹೆಸರಿಲ್ಲದ ಡೆಸ್ಡೆಮೋನ

ಷೇಕ್ಸ್‌ಪಿಯರನ ನಾಟಕಗಳ ಹೆಣ್ಣುಗಳೆಂದರೆ ನನಗೆ ಕಾಲೇಜಿನ ದಿನಗಳಿಂದಲೂ ಒಂದು ಬಗೆಯ ಹೆಮ್ಮೆ. ವಕೀಲನ ನಿಲುವಂಗಿ ತೊಟ್ಟು ತುಂಬಿದ ನ್ಯಾಯಸಭೆಯಲ್ಲಿ ಗಂಡಸರ ಬಾಯಿ ಕಟ್ಟಿಸುವ ಪೋರ್ಷಿಯಾ, ತಾಯಿ ತಂದೆಯರಿಗೆ ತಿಳಿಸದೆ ಮದುವೆಯಾಗಿಬಿಡುವ ಜೂಲಿಯೆಟ್, ಹಿಂಜರಿಯುವ ಗಂಡನನ್ನು ಕೊಲೆಗೆ ಹಚ್ಚುವ ಆ ಲೇಡಿ ಮ್ಯಾಕ್‌ಬೆತ್. ಕೆಟ್ಟವಳಾದರೂ ಏನು ಗಟ್ಟಿ ಹೆಂಗಸು ಅನ್ನಿಸುತ್ತಿತ್ತು. ಹೈಸ್ಕೂಲಿನಲ್ಲಿ ‘ಮರ್ಚೆಂಟ್ ಆಫ್ ವೆನಿಸ್’ ಪಾಠ ಮಾಡುತ್ತಿದ್ದಾಗ ಒಮ್ಮೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, “ಮಿಸ್, ಪೋರ್ಷಿಯಾ ಪಾರ್ಟನ್ನ ಮೊದಲು ಮಾಡಿದವಳು ಯಾರು?” ಎಂದು ಕೇಳಿದಳು. “ಮಾಡಿದವಳಲ್ಲಮ್ಮ, ಮಾಡಿದವನು. ಹೆಚ್ಚುಕಡಿಮೆ ನಿನ್ನ ವಯಸ್ಸಿನ ಒಬ್ಬ ಹುಡುಗ” ಎಂದೆ. ಹುಡುಗರ ಸಾಲಿನಲ್ಲಿ ನಗು ಎದ್ದಿತು. ಹುಡುಗಿ ಮಾತ್ರ ನಗಲಿಲ್ಲ. “ಹಾಗಾದರೆ ಹೆಂಗಸರು ಯಾವಾಗ ಬಂದರು ಮಿಸ್?” ಎಂದು ಮತ್ತೆ ಕೇಳಿದಳು. ಆ ಎರಡನೆಯ ಪ್ರಶ್ನೆಯ ಬೆನ್ನು ಹತ್ತಿ ನಾನು ಓದಿಕೊಂಡದ್ದು ಇಲ್ಲಿದೆ.

ಷೇಕ್ಸ್‌ಪಿಯರ್ 1616ರಲ್ಲಿ ತೀರಿಕೊಂಡ. ತಾನು ಬರೆದ ಹೆಣ್ಣುಗಳಲ್ಲಿ ಒಬ್ಬಳನ್ನಾದರೂ ಹೆಣ್ಣೊಬ್ಬಳು ಲಂಡನ್ನಿನ ರಂಗದ ಮೇಲೆ ಆಡಿದ್ದನ್ನು ಅವನು ಕಾಣಲಿಲ್ಲ. ಹೆಂಗಸರು ರಂಗವೇರಕೂಡದೆಂದು ಅಲ್ಲಿ ಕಾನೂನೇನೂ ಇರಲಿಲ್ಲ. ಪದ್ಧತಿ ಇರಲಿಲ್ಲ, ಅಷ್ಟೆ. ಪದ್ಧತಿಯೆಂಬುದು ಕಾನೂನಿಗಿಂತ ಎಷ್ಟು ಗಟ್ಟಿ ಎಂಬುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇಟಲಿ, ಸ್ಪೇನ್‌ಗಳಲ್ಲಿ ಆ ಹೊತ್ತಿಗಾಗಲೇ ಹೆಂಗಸರು ನಟಿಸುತ್ತಿದ್ದರು. ಇಂಗ್ಲೆಂಡಿನಲ್ಲಿ ಮಾತ್ರ ಚಿಕ್ಕ ಹುಡುಗರನ್ನು ಹಿರಿಯ ನಟರ ಕೈಕೆಳಗೆ ಕೆಲಸ ಕಲಿಯಲು ಬಿಡುತ್ತಿದ್ದರು. ಬಡಗಿಯ ಬಳಿ ಹುಡುಗನನ್ನು ಬಿಟ್ಟ ಹಾಗೆ. ಗಂಟಲು ಒಡೆದು ಗಡ್ಡ ಬರುವವರೆಗೆ ಅವರು ರಾಣಿಯರು, ರಾಜಕುಮಾರಿಯರು. ನಮ್ಮ ಕಂಪನಿ ನಾಟಕಗಳ ಸ್ತ್ರೀಪಾತ್ರಧಾರಿಗಳ ಕಥೆಗಳನ್ನು ಅಜ್ಜಿಯರ ಬಾಯಲ್ಲಿ ಕೇಳಿ ಬೆಳೆದ ನಮಗೆ ಇದು ವಿಚಿತ್ರವೆನ್ನಿಸುವುದಿಲ್ಲ. ನಾಟಕ ನೋಡಲು ಕಾಸು ಕೊಟ್ಟು ಬರುವವರಲ್ಲಿ ಹೆಂಗಸರಿದ್ದರು, ಒಳಗೆ ಹಣ್ಣು ಮಾರುವ ಹೆಂಗಸರಿದ್ದರು. ರಂಗದ ಮೇಲೆ ಮಾತ್ರ ಇರಲಿಲ್ಲ.

1629ರಲ್ಲಿ ಫ್ರಾನ್ಸಿನ ಒಂದು ತಂಡ ಲಂಡನ್ನಿಗೆ ಬಂತು. ಅದರಲ್ಲಿ ನಟಿಯರಿದ್ದರು. ಬ್ಲ್ಯಾಕ್‌ಫ್ರಯರ್ಸ್ ರಂಗಮಂದಿರದಲ್ಲಿ ಜನ ಅವರನ್ನು ಕೂಗಿ, ಸೇಬಿನಕಾಯಿ ಎಸೆದು ಓಡಿಸಿದರು. ನಾಲ್ಕು ವರ್ಷದ ನಂತರ ವಿಲಿಯಂ ಪ್ರಿನ್ ಎಂಬ ವಕೀಲ ನಾಟಕವನ್ನೇ ಬೈದು ಸಾವಿರ ಪುಟಕ್ಕೂ ಮೀರಿದ ಪುಸ್ತಕವೊಂದನ್ನು ಹೊರತಂದ. ಅದರ ಕೊನೆಯ ಪದಸೂಚಿಯಲ್ಲಿ ನಟಿಯರೆಂದರೆ ಸೂಳೆಯರು ಎಂದೇ ಸೇರಿಸಿದ್ದ. ನಾನು ಈ ಪದವನ್ನು ಮೃದು ಮಾಡಿ ಬರೆಯಬಹುದಿತ್ತು, ಆದರೆ ಅವನು ಮಾಡಿರಲಿಲ್ಲವಲ್ಲ. ಅವನ ಗ್ರಹಚಾರಕ್ಕೆ ಅದೇ ಸುಮಾರಿಗೆ ರಾಣಿ ಹೆನ್ರಿಯೆಟಾ ಮರಿಯಾ ತನ್ನ ಸಖಿಯರೊಂದಿಗೆ ಅರಮನೆಯಲ್ಲಿ ಒಂದು ನಾಟಕವಾಡಿದ್ದಳು. ಬೈಗುಳ ರಾಣಿಗೇ ತಗುಲಿತೆಂದು ಪ್ರಿನ್ನನ ವಿಚಾರಣೆಯಾಗಿ 1634ರಲ್ಲಿ ಅವನ ಕಿವಿ ಕತ್ತರಿಸಿದರು, ಐದು ಸಾವಿರ ಪೌಂಡ್ ದಂಡ ಹಾಕಿದರು. ಶಿಕ್ಷೆ ಘೋರವಾದದ್ದೇ. ಆದರೆ ಆ ಫ್ರೆಂಚ್ ನಟಿಯರ ಮೇಲೆ ಹಣ್ಣು ಎಸೆದವರ ಕಿವಿಯನ್ನು ಯಾರೂ ಮುಟ್ಟಿರಲಿಲ್ಲ ನೋಡಿ. ಅರಮನೆಯ ಹೆಂಗಸು ಆಡಿದರೆ ಅದು ಕಲೆ, ಕೂಲಿಗಾಗಿ ಆಡಿದರೆ ಮಾತ್ರ ಮೈಗೇಡಿತನ.

ಆಮೇಲೆ ಇಂಗ್ಲೆಂಡಿನಲ್ಲಿ ದೊರೆಗೂ ಪಾರ್ಲಿಮೆಂಟಿಗೂ ಯುದ್ಧ ಹತ್ತಿಕೊಂಡಿತು. 1642ರಲ್ಲಿ ಪಾರ್ಲಿಮೆಂಟು ರಂಗಮಂದಿರಗಳ ಬಾಗಿಲು ಹಾಕಿಸಿತು. ಹದಿನೆಂಟು ವರ್ಷ ಅವು ಸರಿಯಾಗಿ ತೆರೆಯಲೇ ಇಲ್ಲ. ನಡುವೆ 1656ರಲ್ಲಿ ವಿಲಿಯಂ ಡ್ಯಾವೆನೆಂಟ್ ಎಂಬಾತ ‘ಸೀಜ್ ಆಫ್ ರೋಡ್ಸ್’ ಎಂಬುದನ್ನು ನಾಟಕವೆನ್ನದೆ ಸಂಗೀತವೆಂದು ಹೇಳಿ ಒಂದು ಮನೆಯೊಳಗೆ ಆಡಿಸಿದ. ಅದರಲ್ಲಿ ಶ್ರೀಮತಿ ಕೋಲ್ಮನ್ ಎಂಬಾಕೆ ನಾಯಕಿಯಾಗಿ ಹಾಡಿದಳು. ಜೊತೆಗೆ ಅವಳ ಗಂಡನೂ ಹಾಡಿದ. ಗಂಡ ಪಕ್ಕದಲ್ಲೇ ಇದ್ದನಲ್ಲ, ಅದಕ್ಕೇ ಯಾರೂ ಗದ್ದಲ ಮಾಡಿರಲಿಕ್ಕಿಲ್ಲ.

1660ರ ಮೇ ತಿಂಗಳಲ್ಲಿ ಎರಡನೇ ಚಾರ್ಲ್ಸ್ ದೊರೆ ದೇಶಾಂತರದಿಂದ ಮರಳಿದ. ಹೊರದೇಶಗಳಲ್ಲಿ ಅವನೂ ಅವನ ಪರಿವಾರದವರೂ ನಟಿಯರನ್ನು ನೋಡಿ ಬಂದಿದ್ದರು. ಬಂದವನೇ ಇಬ್ಬರಿಗೆ ಮಾತ್ರ ನಾಟಕ ಕಂಪನಿ ನಡೆಸುವ ಅಧಿಕಾರ ಕೊಟ್ಟ. ಒಬ್ಬ ಅದೇ ಡ್ಯಾವೆನೆಂಟ್, ಇನ್ನೊಬ್ಬ ಥಾಮಸ್ ಕಿಲಿಗ್ರೂ. ಹದಿನೆಂಟು ವರ್ಷ ಬಾಗಿಲು ಹಾಕಿದ್ದರಿಂದ ಹೆಣ್ಣುವೇಷಕ್ಕೆ ಪಳಗಿದ ಹುಡುಗರು ಹೆಚ್ಚು ಇರಲಿಲ್ಲ. ಹಳಬರಿಗೆ ವಯಸ್ಸಾಗಿತ್ತು.

ಆ ವರ್ಷ ಡಿಸೆಂಬರ್ 8ರಂದು ವಿಯರ್ ಸ್ಟ್ರೀಟಿನಲ್ಲಿ, ಮೊದಲು ಟೆನಿಸ್ ಆಡುತ್ತಿದ್ದ ಕಟ್ಟಡವೊಂದರಲ್ಲಿ, ಕಿಲಿಗ್ರೂ ಕಂಪನಿ ‘ಒಥೆಲೊ’ ಆಡಿತು. ಡೆಸ್ಡೆಮೋನಳಾಗಿ ಒಬ್ಬ ಹೆಂಗಸು ಬಂದಳು. ಅದಕ್ಕೆ ಮುಂಚೆ ನಟನೊಬ್ಬ ಮುಂದೆ ಬಂದು, ಥಾಮಸ್ ಜೋರ್ಡನ್ ಈ ದಿನಕ್ಕಾಗಿಯೇ ಬರೆದ ಪದ್ಯರೂಪದ ಮುನ್ನುಡಿಯನ್ನು ಹೇಳಿದ. ಇಂದು ಬರುವವಳು ಲಂಗ ಉಟ್ಟ ಹುಡುಗನಲ್ಲ, ನಿಜವಾದ ಹೆಂಗಸು, ಬಟ್ಟೆ ತೊಡುವಾಗ ನಾನೇ ಕಂಡು ಬಂದಿದ್ದೇನೆ ಎಂದು ಅದರ ತಮಾಷೆ. ಇದುವರೆಗಿನ ನಮ್ಮ ಹುಡುಗಿಯರಿಗೆ ನಲವತ್ತು ಐವತ್ತು ವರ್ಷ ಎಂದು ಇನ್ನೊಂದು ತಮಾಷೆ. ನಡುವೆ ಒಂದು ಬೇಡಿಕೆಯೂ ಇತ್ತು. ನಾಟಕವಾಡುವ ಹೆಂಗಸೂ ಸಚ್ಚರಿತಳಾಗಿರಬಹುದು, ಅವಳನ್ನು ಹಗುರವಾಗಿ ಕಾಣಬೇಡಿ ಎಂದು. ಬಾಯಿ ತೆರೆದು ಒಂದು ಮಾತನಾಡುವ ಮೊದಲೇ ಅವಳ ನಡತೆಗೆ ಗಂಡಸೊಬ್ಬ ಜಾಮೀನು ನಿಂತ. ಈ ಮುನ್ನುಡಿ ಉಳಿಯಿತು, ಅಚ್ಚಾಯಿತು, ಬರೆದವನ ಹೆಸರೂ ಉಳಿಯಿತು. ಆ ಹೆಂಗಸಿನ ಹೆಸರನ್ನು ಮಾತ್ರ ಯಾರೂ ಬರೆದಿಡಲಿಲ್ಲ. ಮಾರ್ಗರೆಟ್ ಹ್ಯೂಸ್ ಎಂದು ಕೆಲವರು, ಆನ್ ಮಾರ್ಷಲ್ ಎಂದು ಕೆಲವರು ಇಂದಿಗೂ ವಾದಿಸುತ್ತಾರೆ.

ಅದೇ ದಿನಗಳಲ್ಲಿ ಲಂಡನ್ನಿನ ನೌಕಾ ಕಚೇರಿಯಲ್ಲಿದ್ದ ಸ್ಯಾಮ್ಯುಯೆಲ್ ಪೆಪಿಸ್ ದಿನಚರಿ ಬರೆಯುತ್ತಿದ್ದ. ತಿಂದ ಊಟದಿಂದ ಹಿಡಿದು ಹೆಂಡತಿಯೊಡನೆ ಮಾಡಿದ ಜಗಳದವರೆಗೆ ಎಲ್ಲವನ್ನೂ ಬರೆದಿಡುವ ಮನುಷ್ಯ. 1661ರ ಜನವರಿ 3ರಂದು ರಂಗದ ಮೇಲೆ ಮೊದಲ ಬಾರಿ ಹೆಂಗಸರನ್ನು ಕಂಡೆನೆಂದು ಬರೆಯುತ್ತಾನೆ. ಒಂದೇ ಒಂದು ವಾಕ್ಯ, ಯಾರ ಹೆಸರೂ ಇಲ್ಲ. ನಾಲ್ಕು ದಿನದ ಮೇಲೆ ಎಡ್ವರ್ಡ್ ಕೈನಾಸ್ಟನ್ ಎಂಬ ಹುಡುಗನ ವೇಷ ನೋಡಿ ಬಂದು, ಇಡೀ ರಂಗಮಂದಿರದಲ್ಲಿ ಅವನಷ್ಟು ಚೆಲುವಾದ ಹೆಣ್ಣು ಇನ್ನೊಂದಿರಲಿಲ್ಲವೆಂದು ಹೆಸರು ಹೇಳಿ ಹೊಗಳುತ್ತಾನೆ! ಈ ಕೈನಾಸ್ಟನ್ನನ ಬಗ್ಗೆ ಒಂದು ಕಥೆಯಿದೆ. ದೊರೆ ನಾಟಕಕ್ಕೆ ಬೇಗ ಬಂದು ಕುಳಿತು, ಇನ್ನೂ ಏಕೆ ಶುರುವಾಗಿಲ್ಲವೆಂದು ಕೇಳಿದಾಗ, ರಾಣಿಯವರ ಕ್ಷೌರ ಇನ್ನೂ ಮುಗಿದಿಲ್ಲ ಎಂದರಂತೆ. ಮುಂದೆ ಅವನು ಗಂಡುಪಾತ್ರಕ್ಕೆ ತಿರುಗಿ ರಾಜರ ವೇಷದಲ್ಲಿ ಹೆಸರು ಮಾಡಿದ.

1662ರ ರಾಜಶಾಸನದಲ್ಲಿ, ಇನ್ನು ಮುಂದೆ ಹೆಂಗಸರ ಪಾತ್ರಗಳನ್ನು ಹೆಂಗಸರೇ ಆಡಬಹುದೆಂದು ಬರೆಯಲಾಯಿತು. ಕಾರಣ ಓದಿ ನನಗೆ ನಗು ಬಂತು. ಗಂಡಸರು ಹೆಂಗಸರ ಉಡುಪು ತೊಡುವುದರಿಂದ ಕೆಲವರ ಮನಸ್ಸಿಗೆ ನೋವಾಗಿದೆ, ಆದ್ದರಿಂದ ನಾಟಕಗಳ ಸುಧಾರಣೆಗಾಗಿ ಈ ಏರ್ಪಾಟು ಎಂದು. ಹೆಣ್ಣು ಬಂದರೆ ಸಮಾಜ ಕೆಡುತ್ತದೆ ಎಂದು ಹಣ್ಣೆಸೆದ ಊರಿನಲ್ಲೇ, ಮೂವತ್ತಮೂರು ವರ್ಷ ಕಳೆಯುವಷ್ಟರಲ್ಲಿ ಸಮಾಜವನ್ನು ತಿದ್ದಲು ಹೆಣ್ಣು ಬೇಕಾದಳು. ಆದರೆ ಮೊದಲು ಅವರಿಂದ ಹೆಚ್ಚಾಗಿ ಮಾಡಿಸಿದ್ದೇನು ಗೊತ್ತೆ? ಗಂಡುಡುಗೆ ತೊಡಿಸಿದ್ದು. ಮುಂದಿನ ನಲವತ್ತು ವರ್ಷಗಳ ನಾಟಕಗಳಲ್ಲಿ ಸುಮಾರು ಕಾಲುಭಾಗದಲ್ಲಿ ನಾಯಕಿ ಯಾವುದೋ ನೆಪದಲ್ಲಿ ಮೊಣಕಾಲಿನವರೆಗಿನ ಷರಾಯಿ ಹಾಕಿಕೊಂಡು ಬರುತ್ತಾಳೆ. ಲಂಗದೊಳಗಿರುವ ಕಾಲು ಕಾಣಬೇಕಲ್ಲ!

ಈ ಹೆಂಗಸರ ದಿನದ ಕೆಲಸ ಹೇಗಿತ್ತೆಂದು ಯಾರೂ ಹೆಚ್ಚು ಹೇಳುವುದಿಲ್ಲ. ನನಗೆ ಕುತೂಹಲ ಇರುವುದೇ ಅದರಲ್ಲಿ. ಬೆಳಿಗ್ಗೆ ತಾಲೀಮು, ಮಧ್ಯಾಹ್ನ ಮೂರರ ಸುಮಾರಿಗೆ ನಾಟಕ. ಒಂದೇ ನಾಟಕ ವಾರಗಟ್ಟಲೆ ಓಡುತ್ತಿರಲಿಲ್ಲ, ಮೂರ್ನಾಲ್ಕು ದಿನಕ್ಕೆ ಬದಲಾಗುತ್ತಿತ್ತು. ಅಂದರೆ ಎಷ್ಟು ಪಾತ್ರಗಳ ಮಾತು ಬಾಯಲ್ಲಿರಬೇಕೋ ಲೆಕ್ಕ ಹಾಕಿ. ಇಡೀ ನಾಟಕದ ಪ್ರತಿ ಕೈಗೆ ಸಿಗದು, ತನ್ನ ಮಾತು ಮತ್ತು ಅದಕ್ಕೆ ಮುಂಚಿನ ಎರಡು ಪದ ಬರೆದ ಹಾಳೆ ಮಾತ್ರ. ಮದುವೆಯಾಗಿರಲಿ ಬಿಡಲಿ ಎಲ್ಲರನ್ನೂ ‘ಮಿಸೆಸ್’ ಎಂದೇ ಕರೆಯುತ್ತಿದ್ದರು. ಡ್ಯಾವೆನೆಂಟ್ ತನ್ನ ಮುಖ್ಯ ನಟಿಯರಲ್ಲಿ ನಾಲ್ವರನ್ನು ತನ್ನ ಮನೆಯಲ್ಲೇ ಊಟ ವಸತಿ ಕೊಟ್ಟು ಇರಿಸಿಕೊಂಡಿದ್ದ. ಹಿರಿಯ ನಟರಿಗೆ ಕಂಪನಿಯ ಲಾಭದಲ್ಲಿ ಪಾಲಿತ್ತು, ಹೆಂಗಸರಿಗೆ ವಾರದ ಸಂಬಳ ಮಾತ್ರ. ಅದೂ ಕಡಿಮೆ. ಬಣ್ಣದ ಕೋಣೆಗೆ ದುಡ್ಡಿದ್ದ ಗಂಡಸರು ನೇರವಾಗಿ ನುಗ್ಗುತ್ತಿದ್ದರು. ನಮ್ಮ ಪೆಪಿಸ್ ಮಹಾಶಯನೂ ಹೋಗಿದ್ದಾನೆ.

1667ರಲ್ಲಿ ಸರ್ ಹ್ಯೂ ಮಿಡಲ್‌ಟನ್ ಎಂಬ ಶ್ರೀಮಂತ ನಟಿಯರ ಬಗ್ಗೆ ಕೀಳಾಗಿ ಮಾತನಾಡಿದ. ಅವನು ಬಣ್ಣದ ಕೋಣೆಗೆ ಬಂದಾಗ ರೆಬೆಕಾ ಮಾರ್ಷಲ್, ಅಷ್ಟು ಅಸಹ್ಯವಿದ್ದರೆ ಇಲ್ಲಿಗೇಕೆ ಬರುತ್ತೀರಿ ಎಂದು ಮುಖಕ್ಕೆ ಹೇಳಿದಳು. ಕೆಲವು ದಿನಗಳಲ್ಲೇ, ಅವಳು ನಾಟಕ ಮುಗಿಸಿ ಮನೆಗೆ ಹೋಗುವಾಗ ಕೂಲಿಯವನೊಬ್ಬ ಓಡಿ ಬಂದು ಅವಳ ಮುಖಕ್ಕೂ ತಲೆಗೂ ಹೊಲಸು ಬಳಿದು ಓಡಿಹೋದ. ಅವಳು ಅಳುತ್ತ ಕೂರಲಿಲ್ಲ, ದೊರೆಗೆ ದೂರು ಬರೆದುಕೊಟ್ಟಳು. 1692ರ ಡಿಸೆಂಬರಿನಲ್ಲಿ ಕ್ಯಾಪ್ಟನ್ ಹಿಲ್ ಎಂಬವನು ಆನ್ ಬ್ರೇಸ್‌ಗರ್ಡಲ್ ತನಗೆ ಒಲಿಯಲಿಲ್ಲವೆಂದು ಸೈನಿಕರನ್ನು ಕಟ್ಟಿಕೊಂಡು, ಬೀದಿಯಲ್ಲೇ ಅವಳನ್ನು ಗಾಡಿಯೊಳಗೆ ಎಳೆದುಹಾಕಲು ನೋಡಿದ. ಜೊತೆಗಿದ್ದ ತಾಯಿ ಮಗಳ ಸೊಂಟವನ್ನು ಬಿಗಿಯಾಗಿ ಅಪ್ಪಿಕೊಂಡು ಬಿಡಲೇ ಇಲ್ಲ. ಜನ ಸೇರಿದ್ದರಿಂದ ಹುಡುಗಿ ಉಳಿದಳು. ಆದರೆ ಅವಳ ಜೊತೆ ಪಾತ್ರ ಮಾಡುತ್ತಿದ್ದ ವಿಲಿಯಂ ಮೌಂಟ್‌ಫರ್ಟನೇ ತನಗೆ ಅಡ್ಡಿ ಎಂದುಕೊಂಡ ಹಿಲ್ ಅದೇ ರಾತ್ರಿ ಅವನನ್ನು ಕತ್ತಿಯಿಂದ ತಿವಿದ. ಮೌಂಟ್‌ಫರ್ಟ್ ಸತ್ತ, ಹಿಲ್ ತಪ್ಪಿಸಿಕೊಂಡ. ಜೊತೆಗಿದ್ದ ಲಾರ್ಡ್ ಮೋಹನ್‌ನನ್ನು ಪ್ರಭುಗಳ ಸಭೆ ವಿಚಾರಣೆ ಮಾಡಿ ನಿರ್ದೋಷಿ ಎಂದು ಬಿಟ್ಟಿತು. ಪಾಪ, ಮೌಂಟ್‌ಫರ್ಟನ ಹೆಂಡತಿಯೂ ನಟಿಯೇ. ಅವಳು ಮತ್ತೆ ಬಣ್ಣ ಹಚ್ಚಿ ನಗಿಸುವ ಪಾತ್ರಗಳಲ್ಲಿ ನಿಲ್ಲಬೇಕಾಯಿತು.

ಈ ಕಾಲದ ನಟಿ ಎಂದೊಡನೆ ಎಲ್ಲರೂ ನೆಲ್ ಗ್ವಿನ್ ಹೆಸರು ಹೇಳುತ್ತಾರೆ. ರಂಗಮಂದಿರದಲ್ಲಿ ಕಿತ್ತಳೆ ಮಾರುತ್ತಿದ್ದ ಹುಡುಗಿ, ಹದಿನೈದರ ವಯಸ್ಸಿಗೆ ನಟಿ, ಆಮೇಲೆ ದೊರೆಯ ಪ್ರೇಯಸಿ. ತನ್ನ ಹೆಸರಿನ ಎರಡಕ್ಷರವನ್ನಷ್ಟೇ ಕಷ್ಟಪಟ್ಟು ಗೀಚಬಲ್ಲವಳು ಉದ್ದುದ್ದ ಮಾತುಗಳನ್ನು ಕಿವಿಯಿಂದಲೇ ಕಲಿತಿರಬೇಕಲ್ಲವೆ? ಟೀಚರಾದ ನನಗೆ ಅವಳ ಪ್ರೇಮಕಥೆಗಿಂತ ಆ ನೆನಪಿನ ಶಕ್ತಿ ದೊಡ್ಡದಾಗಿ ಕಾಣುತ್ತದೆ. ಆದರೂ ನನ್ನ ಮೆಚ್ಚಿನವಳು ಎಲಿಜಬೆತ್ ಬ್ಯಾರಿ. ಮದುವೆಯಾಗದವಳು, ಚೆಲುವೆಯೆಂದು ಹೆಸರಾದವಳಲ್ಲ, ಆದರೆ ಅವಳು ದುಃಖದ ಪಾತ್ರ ಮಾಡಿದರೆ ಗಂಡಸರೂ ಕಣ್ಣೊರೆಸಿಕೊಳ್ಳುತ್ತಿದ್ದರು. ಒಂದು ದಿನದ ಕಲೆಕ್ಷನ್ ಇಡಿಯಾಗಿ ಒಬ್ಬ ಕಲಾವಿದರಿಗೆ ಸೇರುವ ಬೆನಿಫಿಟ್ ನಾಟಕ ನಮ್ಮಲ್ಲೂ ಉಂಟಷ್ಟೆ? ಅಲ್ಲಿ ಅದನ್ನು ಮೊಟ್ಟಮೊದಲು ಪಡೆದದ್ದು ಬ್ಯಾರಿ. 1695ರಲ್ಲಿ ಮಾಲೀಕರ ಕಾಟ ತಾಳಲಾರದೆ ಹಿರಿಯ ನಟ ಬೆಟರ್‌ಟನ್, ಬ್ಯಾರಿ, ಬ್ರೇಸ್‌ಗರ್ಡಲ್ ಮೂವರೂ ಮುಂದಾಗಿ ಹೊರಬಂದು ತಮ್ಮದೇ ಕಂಪನಿ ಕಟ್ಟಿದರು. ಮತ್ತೆ ಅದೂ ಒಂದು ಹಳೆಯ ಟೆನಿಸ್ ಕಟ್ಟಡವೇ! ಈ ಸಲ ಹೆಂಗಸರಿಗೂ ಲಾಭದಲ್ಲಿ ಪಾಲಿತ್ತು. ಡೆಸ್ಡೆಮೋನ ಬಂದು ಮೂವತ್ತೈದು ವರ್ಷ ಬೇಕಾಯಿತು ಅದಕ್ಕೆ.

ಇನ್ನು ಕ್ಯಾಥರೀನ್ ಕೋರಿಯ ಮಾತು. ಮುದುಕಿಯರು, ಬಜಾರಿಯರು, ಬಾಯಿಬಡುಕಿಯರ ಪಾತ್ರಗಳಿಗೆ ಹೆಸರಾದವಳು. ಅವಳ ಕಾಲು ನೋಡಲು ಯಾರೂ ಬರುತ್ತಿರಲಿಲ್ಲ, ಅವಳ ಹಿಂದೆ ಯಾವ ಪ್ರಭುವೂ ಸುತ್ತಲಿಲ್ಲ. 1669ರ ಜನವರಿಯಲ್ಲಿ ಒಂದು ನಾಟಕದಲ್ಲಿ ಲೇಡಿ ಹಾರ್ವಿ ಎಂಬ ದೊಡ್ಡ ಮನೆತನದಾಕೆಯ ಧಾಟಿಯನ್ನು ಹಾಗೆಯೇ ಅನುಕರಿಸಿಬಿಟ್ಟಳು. ಆಕೆ ಸಿಟ್ಟಾಗಿ ಕೋರಿಯನ್ನು ಸೆರೆಗೆ ಹಾಕಿಸಿದಳು. ದೊರೆಯ ಪ್ರೇಯಸಿ ಲೇಡಿ ಕಾಸಲ್‌ಮೇನ್ ಬಿಡಿಸಿ ತಂದಳು. ಮತ್ತೆ ಆಡಿಸಿದಾಗ ಕೋರಿ ಮೊದಲಿಗಿಂತ ಜೋರಾಗಿಯೇ ಅನುಕರಿಸಿದಳಂತೆ. ಲೇಡಿ ಹಾರ್ವಿ ಕಳಿಸಿದ ಜನ ಕೂಗಿದರು, ಅವಳ ಮೇಲೆ ಕಿತ್ತಳೆ ಎಸೆದರು. ದೊಡ್ಡವರ ಜಗಳದಲ್ಲಿ ಪೆಟ್ಟು ಬಿದ್ದದ್ದು ಇವಳಿಗೆ.

ಇಪ್ಪತ್ತು ವರ್ಷದ ಮೇಲೆ, 1689ರಲ್ಲಿ, ಕೋರಿ ಕೆಲಸ ಕಳೆದುಕೊಂಡು, ತನ್ನನ್ನು ಕಂಪನಿಗೆ ಮರಳಿ ಸೇರಿಸಿಕೊಳ್ಳಬೇಕೆಂದು ನಾಟಕಗಳ ಉಸ್ತುವಾರಿಯ ರಾಜಾಧಿಕಾರಿಗೆ ಅರ್ಜಿ ಬರೆದಳು. ನಮ್ಮ ಇಲಾಖೆಗೆ ನಾವು ಬರೆಯುವ ಅರ್ಜಿಗಳ ಹಾಗೆ ಅದರಲ್ಲೂ ಸೇವಾವಧಿಯ ವಿವರವಿದೆ. ಎರಡನೇ ಚಾರ್ಲ್ಸ್ ದೊರೆ ನೇಮಿಸಿದ ನಟಿಯರಲ್ಲಿ ತಾನೇ ಮೊದಲನೆಯವಳು, ಈಗ ಉಳಿದಿರುವ ಕೊನೆಯವಳೂ ತಾನೇ ಎಂದು ಹೇಳಿಕೊಂಡಿದ್ದಾಳೆ. ಡೆಸ್ಡೆಮೋನಳ ಪಾತ್ರ ಮಾಡಿದವಳು ಇವಳೇ ಎಂದು ವಿದ್ವಾಂಸರು ಒಪ್ಪುವುದಿಲ್ಲ, ಅಂಥ ಮುಗ್ಧೆಯ ಪಾತ್ರ ಇವಳಿಗೆ ಹೊಂದದು ಎನ್ನುತ್ತಾರೆ. ಇರಬಹುದು. ಮೊದಲನೆಯವಳು ತಾನೆಂದು ಸ್ವತಃ ಬರೆದುಕೊಟ್ಟವಳು ಮಾತ್ರ ಇವಳೊಬ್ಬಳೇ. ಕೆಲಸ ಮರಳಿ ಸಿಕ್ಕಿತು. ಇನ್ನೂ ಎರಡು ಮೂರು ವರ್ಷ ಅವಳ ಹೆಸರು ನಾಟಕಗಳ ಪಾತ್ರಪಟ್ಟಿಗಳಲ್ಲಿ ಕಾಣಿಸುತ್ತದೆ.