ಕುಮರಿಯ ಬೆಂಕಿ, ಸರಕಾರದ ಕಟ್ಟಳೆ

ಮಾಘ ಫಾಲ್ಗುಣಗಳಲ್ಲಿ ಹಾಡಿಯ ಮರಗಳು ಎಲೆಯುದುರಿಸತೊಡಗಿದಾಗ, ದಕ್ಷಿಣ ಕನ್ನಡದ ಕೃಷಿಕರು ತರಗೆಲೆ, ಕಡ್ಡಿ, ಹಿತ್ತಿಲ ಕಸಗಳನ್ನು ಒಂದೆಡೆ ಒಟ್ಟಿ, ಮೇಲೆ ಮಣ್ಣಿನ ಹೆಂಟೆಗಳನ್ನು ಹೊದಿಸಿ, ಬುಡಕ್ಕೆ ಕಿಚ್ಚಿಟ್ಟು ಸುಡುಮಣ್ಣು ಮಾಡಿಕೊಳ್ಳುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ಜ್ವಾಲೆಯೇಳದೆ ಒಳಗೊಳಗೇ ಹೊಗೆಯಾಡುತ್ತ ಬೇಯುವ ಈ ಗುಡ್ಡೆಯಿಂದ ದೊರೆವ ಬೂದಿಮಿಶ್ರಿತ ಮಣ್ಣು ತರಕಾರಿಗೂ ಮಲ್ಲಿಗೆಗೂ ಮೆಚ್ಚಿನ ಗೊಬ್ಬರ. ಸಾರಜನಕವು ಹೊಗೆಯೊಡನೆ ಹಾರಿಹೋಗುವುದೆಂದು ಕೃಷಿವಿಜ್ಞಾನಿಗಳು ಆಕ್ಷೇಪಿಸುವರಾದರೂ ಪೊಟ್ಯಾಷ್ ಉಳಿಯುವುದನ್ನು ಅವರೂ ಅಲ್ಲಗಳೆಯರು. ಮನೆಯ ಮಾಡು ಮುಳಿಹುಲ್ಲಿನದಾಗಿದ್ದು, ಅಂಗಳದಂಚಿನಲ್ಲಿಯೇ ಬೈಹುಲ್ಲಿನ ಕುತ್ತರಿ ನಿಂತಿರುತ್ತಿದ್ದ ದಿನಗಳಲ್ಲಿ, ಗಾಳಿ ಬೀಸುವ ಹೊತ್ತಿನಲ್ಲಿ ಕಿಚ್ಚಿಡಬಾರದು, ಸುತ್ತಲಿನ ತರಗನ್ನು ಗುಡಿಸಿ ನೆಲವನ್ನು ಬರಿದುಮಾಡಿರಬೇಕು, ನೀರಿನ ಕೊಡ ಬಳಿಯಲ್ಲಿರಬೇಕು ಎಂಬುದನ್ನು ಯಾರೂ ಬರೆದು ಸಾರಬೇಕಾಗಿರಲಿಲ್ಲ. ಇವೆಲ್ಲಕ್ಕಿಂತ ಮುಖ್ಯವಾದ ಕಾಪು ಮಣ್ಣಿನ ಹೊದಿಕೆ. ಗೊಬ್ಬರವಾಗುವುದೂ ಅದೇ, ಬೆಂಕಿಯನ್ನು ಹಿಡಿದಿಡುವುದೂ ಅದೇ.

ಲಿಖಿತ ಕಟ್ಟಳೆ ಹುಟ್ಟಿಬಂದದ್ದು ಘಟ್ಟದ ಕಾಡುಗಳಲ್ಲಿ. ಅಲ್ಲಿ ಕುಣಬಿ, ಮರಾಠಿ, ಕುಡುಬಿ ಮೊದಲಾದ ಜನರು ನಡೆಸುತ್ತಿದ್ದ ಕುಮರಿ ಬೇಸಾಯದಲ್ಲಿ, ಗುಡ್ಡದ ಇಳಿಜಾರಿನ ಮರಗಿಡಗಳನ್ನು ಕಡಿದು, ಬಿಸಿಲಿಗೆ ಒಣಗಗೊಟ್ಟು, ಮುಂಗಾರಿಗೆ ಮೊದಲು ಸುಟ್ಟು, ಆ ಬೂದಿಯ ಮೇಲೆ ರಾಗಿಯನ್ನು ಚೆಲ್ಲುವುದು ವಾಡಿಕೆಯಾಗಿತ್ತು. ಒಂದೆರಡು ವರ್ಷ ಬೆಳೆ ತೆಗೆದ ಬಳಿಕ ಆ ನೆಲವನ್ನು ಕಾಡಿಗೆ ಬಿಟ್ಟುಕೊಟ್ಟು ಬೇರೊಂದೆಡೆಗೆ ಹೋಗುತ್ತಿದ್ದರು. ಹಳೆಯ ಕುಮರಿಗೆ ಮರಳುತ್ತಿದ್ದುದು ಹತ್ತು ಹನ್ನೆರಡು ವರ್ಷಗಳಾಚೆಗೆ. 1801ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸಕಥನದಲ್ಲಿ ಇದನ್ನು ನಮೂದಿಸಿದ್ದಾನೆ.

ಇದರ ಮೇಲೆ ನಿರ್ಬಂಧ ತರುವುದರಲ್ಲಿ ಮುಂದಾಳಾದವನು ಹ್ಯೂ ಕ್ಲೆಗ್‌ಹಾರ್ನ್. ಮೊದಲು ಶಿವಮೊಗ್ಗೆಯಲ್ಲಿ ವೈದ್ಯನಾಗಿದ್ದು, ಅಲ್ಲಿಯ ಸಸ್ಯಗಳ ಚಿತ್ರಗಳನ್ನು ಬರೆಯಿಸಿಕೊಂಡ ಈ ಸ್ಕಾಟ್ಲೆಂಡಿನ ಗೃಹಸ್ಥನು 1856ರಲ್ಲಿ ಮದ್ರಾಸು ಪ್ರಾಂತದ ಅರಣ್ಯ ಸಂರಕ್ಷಕನಾದನು; 1860ರಲ್ಲಿ ಮದ್ರಾಸು ಸರಕಾರವು ತನ್ನ ಕಾಡುಗಳಲ್ಲಿ ಅಪ್ಪಣೆಯಿಲ್ಲದೆ ಕುಮರಿ ಕಡಿಯಕೂಡದೆಂದು ವಿಧಿಸಿತು. ಕುಮರಿಯಿಂದ ಕಾಡು ಅಳಿದೀತೆಂಬ ಕ್ಲೆಗ್‌ಹಾರ್ನನ ಭೀತಿ ಕೇವಲ ನೆಪವಾಗಿರಲಿಲ್ಲ. ಜನ ಹೆಚ್ಚಿ, ನೆಲಕ್ಕೆ ದೊರೆಯುವ ವಿಶ್ರಾಂತಿಯ ಅವಧಿ ತಗ್ಗಿದೆಡೆಯಲ್ಲಿ ಕಾಡು ಮತ್ತೆ ಏಳದೆಂಬುದು ದಿಟ. ಆದರೆ ರೈಲುಹಾದಿಯ ಅಡಿಮರಗಳಿಗೂ ಹಡಗುಗಳಿಗೂ ಮರ ಬೇಕಾಗಿದ್ದ ಆ ದಶಕದಲ್ಲಿ, ಸುಟ್ಟುಹೋದ ಒಂದೊಂದು ಸಾಗುವಾನಿಯನ್ನೂ ಅಧಿಕಾರಿಗಳು ಯಾವ ತಕ್ಕಡಿಯಲ್ಲಿ ತೂಗುತ್ತಿದ್ದರೆಂಬುದನ್ನು ಊಹಿಸುವುದು ಕಷ್ಟವಲ್ಲ. ಉತ್ತರ ಕನ್ನಡವು 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದ ಮೇಲೆಯೂ ನೀತಿ ಸಡಿಲವಾಗಲಿಲ್ಲ. ಗೊತ್ತಾದ ಕೆಲವೆಡೆಗಳಲ್ಲಿ ಮಾತ್ರ, ಬೇರೆ ಜೀವನೋಪಾಯವಿಲ್ಲದವರಿಗೆ, ಕುಮರಿಗೆ ಅನುಮತಿ ಉಳಿಯಿತು.

1878ರ ಅರಣ್ಯ ಶಾಸನದಲ್ಲಿ ಬೆಂಕಿಯ ಕಟ್ಟಳೆ ಸ್ಪಷ್ಟವಾಗಿ ನೆಲೆಗೊಂಡಿತು. ಮೀಸಲು ಕಾಡಿಗೆ ಕಿಚ್ಚಿಡುವುದಷ್ಟೇ ಅಲ್ಲ, ಅಧಿಕಾರಿ ಗೊತ್ತುಪಡಿಸಿದ ಋತುವಿನ ಹೊರತು ಅದರೊಳಗೆ ಬೆಂಕಿ ಹೊತ್ತಿಸುವುದೂ ಕೊಂಡೊಯ್ಯುವುದೂ ಅಪರಾಧವಾಯಿತು. ಕಾಡಿನಲ್ಲಿ ಹಕ್ಕುಳ್ಳವರು ಬೆಂಕಿ ಕಂಡೊಡನೆ ಸುದ್ದಿ ಮುಟ್ಟಿಸಿ, ನಂದಿಸಲು ಕೈಜೋಡಿಸಬೇಕೆಂದಾಯಿತು. ಇದಕ್ಕೂ ಕಠಿನವಾದುದೆಂದರೆ, ಬೇಕೆಂದೇ ಅಥವಾ ಘೋರವಾದ ಅಲಕ್ಷ್ಯದಿಂದ ಕಾಡು ಸುಟ್ಟರೆ, ಆ ಕಾಡಿನ ಮೇಯಿಸುವ ಹಾಗೂ ಕಾಡುತ್ಪತ್ತಿ ಪಡೆಯುವ ಹಕ್ಕುಗಳನ್ನೆಲ್ಲ ಸರಕಾರವು ತನಗೆ ತಕ್ಕೆನಿಸಿದಷ್ಟು ಕಾಲ ಅಮಾನತಿನಲ್ಲಿಡಬಹುದಾಗಿತ್ತು. ಬೀಡಿಯ ತುಂಡೆಸೆದವನೊಬ್ಬ, ಹುಲ್ಲು ಸೊಪ್ಪಿಲ್ಲದೆ ಬಳಲುವುದು ಊರೆಲ್ಲದರ ದನ! 1927ರ ಶಾಸನವೂ ಈ ವಿಧಿಯನ್ನು ಹಾಗೆಯೇ ಉಳಿಸಿಕೊಂಡಿತು.

ಹೀಗೆಂದು ಅರಣ್ಯ ಇಲಾಖೆಯು ಬೆಂಕಿಯನ್ನು ತೊರೆಯಿತೆಂದು ತಿಳಿಯಬಾರದು. ಬೇಸಗೆ ಬಲಿಯುವ ಮೊದಲೇ ಮೀಸಲು ಕಾಡಿನ ಅಂಚುಗಳಲ್ಲಿ ಬೆಂಕಿರೇಖೆಗಳನ್ನು ಸವರಿ, ಅವುಗಳ ಮೇಲಿನ ಒಣಹುಲ್ಲನ್ನು ಕಾವಲಿನಲ್ಲಿ ಸುಡುವುದು ಅದರ ವಾರ್ಷಿಕ ಕಾರ್ಯವೇ ಆಯಿತು. ಸಾಗುವಾನಿ ನೆಡುತೋಪುಗಳನ್ನು ಎಬ್ಬಿಸುವಾಗಲಂತೂ, ಹಳೆಯ ಕಾಡನ್ನು ಕಡಿದು, ಉಳಿದ ರೆಂಬೆಕೊಂಬೆಗಳನ್ನು ಸುಟ್ಟು, ಸಸಿಗಳ ಸಾಲುಗಳ ನಡುವೆ ಒಂದೆರಡು ವರ್ಷ ಧಾನ್ಯ ಬೆಳೆದುಕೊಳ್ಳಲು ರೈತರನ್ನು ಬಿಡುವ ಕ್ರಮವನ್ನು ಅನುಸರಿಸಲಾಯಿತು. ಬರ್ಮಾದಲ್ಲಿ ಇದಕ್ಕೆ ಟೌಂಗ್ಯ ಎಂದು ಹೆಸರು. ನಮ್ಮ ಕಡೆಯ ಅರಣ್ಯಾಧಿಕಾರಿಗಳು ಮಾತ್ರ, ಲವಲೇಶವೂ ಸಂಕೋಚವಿಲ್ಲದೆ, ಇದನ್ನು ಕುಮರಿಯೆಂದೇ ಕರೆದರು.