ಕರ್ಕ್, ಸ್ಪಾಕ್ ಮತ್ತು ನಡುವಣ ಓರೆಗೆರೆ

ಎರಡೇ ಪುಟಗಳ ಕಥೆ. ಪಾತ್ರಗಳಿಗೆ ಹೆಸರಿಲ್ಲ. ಏಕಾಂತದಲ್ಲಿರುವ ಆ ಇಬ್ಬರು ಯಾರೆಂಬುದನ್ನು ಓದುಗರೇ ಊಹಿಸಿಕೊಳ್ಳಬೇಕು. 1974ರಲ್ಲಿ ಅಮೆರಿಕದ 'ಗ್ರಪ್' ಎಂಬ ಪುಟ್ಟ ಖಾಸಗಿ ಪತ್ರಿಕೆಯಲ್ಲಿ ಈ ಕಥೆ ಅಚ್ಚಾಯಿತು. ಬರೆದವರು ಆಸ್ಟ್ರೇಲಿಯಾದ ಒಬ್ಬ ಮಹಿಳೆ. ಪತ್ರಿಕೆಯ ಓದುಗರಿಗೆ ಅನುಮಾನ ಬಂತು. ಆ ಇಬ್ಬರು ಜನಪ್ರಿಯ ಟೆಲಿವಿಷನ್ ಧಾರಾವಾಹಿ 'ಸ್ಟಾರ್ ಟ್ರೆಕ್'ನ ನಾಯಕ ಕ್ಯಾಪ್ಟನ್ ಕರ್ಕ್ ಮತ್ತು ಅವನ ಸಹಾಯಕ ಸ್ಪಾಕ್ ಇರಬಹುದೇ? ಅನುಮಾನ ನಿಜವಾಗಿತ್ತು. ಇಬ್ಬರು ಗಂಡು ನಾಯಕರ ನಡುವೆ ಪ್ರಣಯವನ್ನು ಕಲ್ಪಿಸಿ ಅಭಿಮಾನಿಯೊಬ್ಬರು ಬರೆದು, ಅಚ್ಚಾದ ಮೊದಲ ಕಥೆಯೆಂದು ಈಗ ಇದನ್ನೇ ಗುರುತಿಸಲಾಗುತ್ತದೆ.

ಹೆಸರು ಹೇಳದೆ ಬರೆದದ್ದಕ್ಕೆ ಕಾರಣವಿತ್ತು. ಗಂಡಸರಿಬ್ಬರ ದೈಹಿಕ ಸಂಬಂಧ ಆಗ ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ಅಪರಾಧವಾಗಿತ್ತು. ಆಸ್ಟ್ರೇಲಿಯಾದಲ್ಲಿ ಅದನ್ನು ಪೂರ್ತಿಯಾಗಿ ಅಪರಾಧದ ಪಟ್ಟಿಯಿಂದ ತೆಗೆದ ಮೊದಲ ರಾಜ್ಯ ದಕ್ಷಿಣ ಆಸ್ಟ್ರೇಲಿಯಾ. ಅದೂ 1975ರಲ್ಲಿ, ಎಂದರೆ ಈ ಕಥೆ ಬಂದ ಮರುವರ್ಷ. ಅಮೆರಿಕದ ಮನೋವೈದ್ಯರ ಸಂಘವು ಸಲಿಂಗಕಾಮವನ್ನು ಮಾನಸಿಕ ರೋಗಗಳ ಪಟ್ಟಿಯಿಂದ ಕೈಬಿಟ್ಟು ಒಂದು ವರ್ಷವೂ ಆಗಿರಲಿಲ್ಲ. ಅಂಥ ದಿನಗಳಲ್ಲಿ ಮಕ್ಕಳು ಮರಿಗಳೆಲ್ಲ ನೋಡುವ ಧಾರಾವಾಹಿಯ ನಾಯಕರನ್ನು ಪ್ರೇಮಿಗಳೆಂದು ಕರೆಯುವುದು ಸಣ್ಣ ಸಾಹಸವೇನಲ್ಲ.

ಏನಿದು ಸ್ಟಾರ್ ಟ್ರೆಕ್?

ಜೀನ್ ರಾಡನ್‌ಬೆರಿ ರೂಪಿಸಿದ 'ಸ್ಟಾರ್ ಟ್ರೆಕ್' ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ 1966ರ ಸೆಪ್ಟೆಂಬರಿನಲ್ಲಿ ಆರಂಭವಾಯಿತು. 'ಎಂಟರ್‌ಪ್ರೈಸ್' ಎಂಬ ಅಂತರಿಕ್ಷ ನೌಕೆ ನಕ್ಷತ್ರಲೋಕಗಳಲ್ಲಿ ಸಂಚರಿಸುವ ಕಥೆ ಅದು. ನೌಕೆಯ ನಾಯಕ ಕರ್ಕ್ ಧೈರ್ಯವಂತ, ದುಡುಕಿನವ, ಭಾವಜೀವಿ. ಸ್ಪಾಕ್ ವಲ್ಕನ್ ಎಂಬ ಗ್ರಹದ ತಂದೆಗೂ ಭೂಮಿಯ ತಾಯಿಗೂ ಹುಟ್ಟಿದವನು. ಅವನ ಜನ ಭಾವನೆಗಳನ್ನು ಅದುಮಿಟ್ಟು ತರ್ಕದಿಂದಲೇ ಬದುಕುವವರು. ಈ ಇಬ್ಬರೂ ಒಬ್ಬರಿಗಾಗಿ ಒಬ್ಬರು ಪ್ರಾಣ ಕೊಡಲು ಸಿದ್ಧ.

1967ರ ಸೆಪ್ಟೆಂಬರಿನಲ್ಲಿ ಪ್ರಸಾರವಾದ 'ಅಮಾಕ್ ಟೈಮ್' ಕಂತನ್ನು ಅಭಿಮಾನಿಗಳು ಮತ್ತೆ ಮತ್ತೆ ನೆನೆಯುತ್ತಾರೆ. ಬರೆದವರು ವೈಜ್ಞಾನಿಕ ಕಥೆಗಾರ ಥಿಯೊಡೋರ್ ಸ್ಟರ್ಜನ್. ವಲ್ಕನ್ ಗಂಡಸರಿಗೆ ಏಳು ವರ್ಷಕ್ಕೊಮ್ಮೆ ತಡೆಯಲಾಗದ ಕಾಮಜ್ವರ ಬರುತ್ತದೆ. ಊರಿಗೆ ಹೋಗಿ ಮದುವೆಯಾಗದಿದ್ದರೆ ಸಾವು ಖಚಿತ ಎಂಬುದು ಕಥೆಯ ತಿರುಳು. ಸ್ಪಾಕ್‌ಗೆ ಆ ಜ್ವರ ಬರುತ್ತದೆ. ಮೇಲಧಿಕಾರಿಗಳ ಆಜ್ಞೆ ಮುರಿದು ಕರ್ಕ್ ನೌಕೆಯನ್ನು ವಲ್ಕನ್ ಕಡೆಗೆ ತಿರುಗಿಸುತ್ತಾನೆ. ಅಲ್ಲಿನ ಸಂಪ್ರದಾಯದಂತೆ ಇಬ್ಬರೂ ಕಾದಾಡಬೇಕಾಗುತ್ತದೆ. ತನ್ನ ಕೈಯಿಂದಲೇ ಕರ್ಕ್ ಸತ್ತನೆಂದು ಭಾವಿಸಿ ಮರಳುವ ಸ್ಪಾಕ್, ಅವನನ್ನು ಜೀವಂತವಾಗಿ ಕಂಡ ಕೂಡಲೇ ತೋಳು ಹಿಡಿದು ಬಾಯ್ತುಂಬ ನಗುತ್ತಾನೆ. ನಗುವುದನ್ನೇ ಬಲ್ಲದವನ ನಗು ಅದು! ಬಹುಪಾಲು ಪ್ರೇಕ್ಷಕರು ಅದನ್ನು ಗೆಳೆತನವೆಂದುಕೊಂಡರು. ಕೆಲವರಿಗೆ ಮಾತ್ರ ಅದರಲ್ಲಿ ಬೇರೇನೋ ಕಂಡಿತು.

ಸೈಕ್ಲೋಸ್ಟೈಲ್ ಸಾಹಿತ್ಯ

1969ರಲ್ಲಿ 79 ಕಂತುಗಳಿಗೆ ಧಾರಾವಾಹಿ ನಿಂತುಹೋಯಿತು. ಅಭಿಮಾನಿಗಳು ನಿಲ್ಲಲಿಲ್ಲ. ಅವರ ಮೊದಲ ಪತ್ರಿಕೆ 'ಸ್ಪಾಕೇನೇಲಿಯಾ' ಹೊರಬಂದದ್ದು 1967ರಲ್ಲಿ, ನ್ಯೂಯಾರ್ಕಿನ ಇಬ್ಬರು ಮಹಿಳೆಯರ ಸಂಪಾದಕತ್ವದಲ್ಲಿ. 1972ರ ಜನವರಿಯಲ್ಲಿ ಅದೇ ಊರಿನಲ್ಲಿ ನಡೆದ ಅಭಿಮಾನಿಗಳ ಸಮ್ಮೇಳನಕ್ಕೆ ಕೆಲವೇ ನೂರು ಜನ ಬಂದಾರೆಂದು ಸಂಘಟಕರು ಲೆಕ್ಕ ಹಾಕಿದ್ದರು. ಬಂದವರು ಮೂರು ಸಾವಿರಕ್ಕೂ ಹೆಚ್ಚು.

ಈ ಪತ್ರಿಕೆಗಳು ಹುಟ್ಟುತ್ತಿದ್ದ ಬಗೆ ನಮ್ಮ ಸಂಘ ಸಂಸ್ಥೆಗಳ ಹಳೆಯ ಕೈಪತ್ರಿಕೆಗಳನ್ನು ನೆನಪಿಸುತ್ತದೆ. ಊಟದ ಮೇಜಿನ ಮೇಲೆ ಟೈಪ್‌ರೈಟರ್ ಇಟ್ಟು ಸ್ಟೆನ್ಸಿಲ್ ಕೊರೆಯುವುದು, ಸೈಕ್ಲೋಸ್ಟೈಲ್ ಯಂತ್ರ ತಿರುಗಿಸುವುದು, ಗೆಳತಿಯರೆಲ್ಲ ಸೇರಿ ಪುಟ ಜೋಡಿಸುವುದು, ಸ್ಟೇಪಲ್ ಹೊಡೆಯುವುದು, ವಿಳಾಸ ಬರೆದು ಅಂಚೆಗೆ ಹಾಕುವುದು. ಕೊಳ್ಳುವವರು ತಮ್ಮದೇ ವಿಳಾಸ ಬರೆದು ಸ್ಟಾಂಪು ಹಚ್ಚಿದ ಲಕೋಟೆ ಕಳಿಸಿ ವಿಚಾರಿಸುತ್ತಿದ್ದರು. ಬೆಲೆ ಕಾಗದ, ಅಚ್ಚು, ಅಂಚೆಯ ವೆಚ್ಚಕ್ಕೆ ಸರಿಹೋಗುವಷ್ಟು. ಪಾತ್ರಗಳು ಬೇರೊಬ್ಬರ ಸ್ವತ್ತಾದ್ದರಿಂದ ಲಾಭ ಮಾಡಬಾರದೆಂಬುದು ಅಲಿಖಿತ ನಿಯಮ. ಲೇಖಕಿಗೆ ಸಿಗುತ್ತಿದ್ದ ಸಂಭಾವನೆ ಎಂದರೆ ಒಂದು ಉಚಿತ ಪ್ರತಿ, ಜೊತೆಗೆ ಓದುಗರ ಪತ್ರಗಳು. ಆ ಪತ್ರಗಳೋ ಪುಟಗಟ್ಟಲೆ ಇರುತ್ತಿದ್ದವು. ಒಂದು ಊರಿನಲ್ಲಿ ಒಬ್ಬಂಟಿಯಾಗಿ ಬರೆಯುತ್ತಿದ್ದವಳಿಗೆ ಇನ್ನೊಂದು ಖಂಡದಲ್ಲಿ ಗೆಳತಿ ಸಿಗುತ್ತಿದ್ದಳು.

ಈ ಕಥೆಗಳಿಗೆ ಒಂದು ಗುರುತಿನ ಚಿಹ್ನೆಯೂ ಹುಟ್ಟಿಕೊಂಡಿತು. ಕರ್ಕ್ ಮತ್ತು ಸ್ಪಾಕ್ ಹೆಸರುಗಳ ಮೊದಲಕ್ಷರಗಳ ನಡುವೆ ಓರೆಗೆರೆ ಎಳೆದು 'ಕೆ/ಎಸ್' ಎಂದು ಬರೆದರೆ ಅದು ಪ್ರಣಯ ಕಥೆ. 'ಮತ್ತು' ಎಂಬ ಅರ್ಥದ ಚಿಹ್ನೆ ಹಾಕಿದರೆ ಬರಿಯ ಗೆಳೆತನದ ಕಥೆ. ಓರೆಗೆರೆಗೆ ಇಂಗ್ಲಿಷಿನಲ್ಲಿ 'ಸ್ಲ್ಯಾಷ್' ಎಂದು ಹೆಸರು. ಮುಂದೆ ಇಡೀ ಪ್ರಕಾರಕ್ಕೇ ಅದು ಹೆಸರಾಯಿತು. ಇಂಥ ಕಥೆಗಳಿಗೇ ಮೀಸಲಾದ ಪತ್ರಿಕೆಗಳು 1970ರ ದಶಕದ ಉತ್ತರಾರ್ಧದಲ್ಲಿ ಬಂದವು. ಅಮೆರಿಕದ ಪೊಲೀಸ್ ಜೋಡಿ 'ಸ್ಟಾರ್ಸ್ಕಿ ಅಂಡ್ ಹಚ್', ಬ್ರಿಟನ್ನಿನ 'ದ ಪ್ರೊಫೆಷನಲ್ಸ್' ಮತ್ತು 'ಬ್ಲೇಕ್ಸ್ ಸೆವೆನ್' ಧಾರಾವಾಹಿಗಳ ನಾಯಕರಿಗೂ ಓರೆಗೆರೆ ಬಿತ್ತು.

ಹೆಂಗಸರೇ ಏಕೆ?

ಇಲ್ಲಿ ಯಾರಿಗಾದರೂ ಏಳುವ ಪ್ರಶ್ನೆ ಇದು. ಬರೆದವರು, ಓದಿದವರು ಬಹುತೇಕ ಎಲ್ಲರೂ ಹೆಂಗಸರು: ಶಿಕ್ಷಕಿಯರು, ಗ್ರಂಥಪಾಲಕಿಯರು, ನರ್ಸುಗಳು, ಗೃಹಿಣಿಯರು. ಗಂಡಸರಿಬ್ಬರ ಪ್ರೇಮದಲ್ಲಿ ಇವರಿಗೇನು ಕೆಲಸ?

ಮೊದಲ ಉತ್ತರ ಧಾರಾವಾಹಿಯಲ್ಲೇ ಇದೆ. 1964ರ ಕೊನೆಯಲ್ಲಿ ಚಿತ್ರಿಸಿದ ಪ್ರಾಯೋಗಿಕ ಕಂತಿನಲ್ಲಿ ನೌಕೆಯ ಎರಡನೆಯ ಸ್ಥಾನದಲ್ಲಿ ಒಬ್ಬ ಹೆಂಗಸು ಇದ್ದಳು. ಪ್ರಸಾರವಾದ ಧಾರಾವಾಹಿಯಲ್ಲಿ ಆ ಪಾತ್ರವೇ ಇಲ್ಲ. ಅವಳ ಜಾಗವೂ, ಅವಳ ತಣ್ಣನೆಯ ತರ್ಕಬುದ್ಧಿಯೂ ಸ್ಪಾಕ್‌ಗೆ ಹೋದವು. ಕರ್ಕ್‌ಗೆ ಒಂದೊಂದು ಕಂತಿನಲ್ಲಿ ಒಬ್ಬೊಬ್ಬ ಪ್ರೇಯಸಿ ಬಂದು ಹೋದಳು. ಸರಿಸಾಟಿಯಾಗಿ ನಿಂತು, ಅಪಾಯವನ್ನೂ ನಿರ್ಧಾರವನ್ನೂ ಹಂಚಿಕೊಂಡು, ಕೊನೆಯವರೆಗೂ ಜೊತೆಗಿದ್ದವನು ಸ್ಪಾಕ್ ಒಬ್ಬನೇ. ಸಮಾನರ ಪ್ರೇಮಕಥೆ ಬರೆಯಬೇಕೆಂದವರಿಗೆ ತೆರೆಯ ಮೇಲೆ ಸಿಕ್ಕ ಸಮಾನರು ಇವರಿಬ್ಬರೇ.

ಹಾಗಿದ್ದರೆ ಹೊಸದೊಂದು ಹೆಣ್ಣು ಪಾತ್ರವನ್ನು ಸೃಷ್ಟಿಸಬಹುದಿತ್ತಲ್ಲ? ಅನೇಕರು ಸೃಷ್ಟಿಸಿದರು, ಅದಕ್ಕಾಗಿ ನಗೆಪಾಟಲಿಗೂ ಈಡಾದರು. 1973ರಲ್ಲಿ ಅಭಿಮಾನಿ ಪತ್ರಿಕೆಯೊಂದರಲ್ಲಿ ಪೌಲಾ ಸ್ಮಿತ್ ಬರೆದ ಅಣಕು ಕಥೆಯ ನಾಯಕಿ 'ಮೇರಿ ಸ್ಯೂ' ಹದಿನೈದೂವರೆ ವರ್ಷದ ಲೆಫ್ಟಿನೆಂಟ್. ಅವಳಿಗೆ ಬಾರದ ವಿದ್ಯೆಯಿಲ್ಲ. ಲೇಖಕಿ ತನ್ನನ್ನೇ ಕಥೆಯೊಳಗೆ ತೂರಿಸಿ ಮೆರೆಸುವ ಚಾಳಿಗೆ ಅಂದಿನಿಂದ ಅದೇ ಹೆಸರು ಉಳಿಯಿತು. ಹೆಣ್ಣು ಪಾತ್ರ ಬರೆದರೆ 'ಮೇರಿ ಸ್ಯೂ' ಎನ್ನಿಸಿಕೊಳ್ಳುವ ಅಂಜಿಕೆ. ಗಂಡು ಪಾತ್ರದ ಮರೆಯಲ್ಲಿ ಆ ಅಂಜಿಕೆಯಿಲ್ಲ.

ಸ್ತ್ರೀವಾದಿ ಲೇಖಕಿ ಜೊಯನ್ನಾ ರಸ್ 1985ರಲ್ಲಿ ಈ ಕಥೆಗಳ ಬಗ್ಗೆ ಪ್ರಬಂಧ ಬರೆದರು. ಹೆಂಗಸರು ಹೆಂಗಸರಿಗಾಗಿ, ಪ್ರೀತಿಯಿಂದ ಬರೆದ ಶೃಂಗಾರ ಸಾಹಿತ್ಯವಿದು ಎಂಬುದು ಅವರ ವಾದ. ಗಾಯಗೊಂಡವನನ್ನು ಇನ್ನೊಬ್ಬ ಆರೈಕೆ ಮಾಡುವುದು, ಆಡದ ಮಾತಿಗಾಗಿ ಪುಟಗಟ್ಟಲೆ ಕಾಯುವುದು, ದೇಹಕ್ಕಿಂತ ಮೊದಲು ನಂಬಿಕೆ ಬೆಸೆಯುವುದು ಈ ಕಥೆಗಳ ಸಾಮಾನ್ಯ ಲಕ್ಷಣ. ಗಂಡಸಿಗೂ ಮೃದುವಾಗುವ ಹಕ್ಕಿದೆ ಎಂದು ಬರೆದವರು ಹೇಳುತ್ತಿದ್ದರು ಎನ್ನಬಹುದು. 1992ರಲ್ಲಿ ಹೆನ್ರಿ ಜೆಂಕಿನ್ಸ್ ಮತ್ತು ಕ್ಯಾಮಿಲ್ ಬೇಕನ್-ಸ್ಮಿತ್ ತಮ್ಮ ಅಧ್ಯಯನ ಗ್ರಂಥಗಳನ್ನು ಪ್ರಕಟಿಸಿದ ಮೇಲೆ ವಿಶ್ವವಿದ್ಯಾಲಯಗಳೂ ಈ ಸಾಹಿತ್ಯದ ಕಡೆ ತಿರುಗಿದವು.

ಭಯ ಮತ್ತು ಜಗಳ

ಆದರೆ ಬರೆಯುವವರ ಬದುಕು ಸುಲಭವಾಗಿರಲಿಲ್ಲ. ಅನೇಕರು ಕಾವ್ಯನಾಮದ ಮರೆ ಹೊಕ್ಕರು. ಶಾಲೆಯಲ್ಲಿ ಪಾಠ ಹೇಳುವಾಕೆ ಇಂಥ ಕಥೆ ಬರೆಯುತ್ತಾಳೆಂದು ಗೊತ್ತಾದರೆ ನೌಕರಿ ಉಳಿದೀತೇ ಎಂಬ ದಿಗಿಲು. ಕೊಳ್ಳುವವರಿಂದ ವಯಸ್ಸಿನ ಬಗ್ಗೆ ಬರೆಹದಲ್ಲಿ ಖಾತ್ರಿ ಪಡೆದ ಮೇಲೆಯೇ ಪ್ರತಿ ಕಳಿಸುವುದು ರೂಢಿಯಾಯಿತು. 'ಸ್ಟಾರ್ ವಾರ್ಸ್' ಚಿತ್ರಗಳ ಒಡೆತನವಿದ್ದ ಲ್ಯೂಕಾಸ್‌ಫಿಲ್ಮ್ ಸಂಸ್ಥೆ 1981ರಲ್ಲಿ ಅಭಿಮಾನಿ ಪತ್ರಿಕೆಗಳ ಸಂಪಾದಕರಿಗೆ ಪತ್ರ ಬರೆದು, ತನ್ನ ಪಾತ್ರಗಳನ್ನು ಕಾಮಪ್ರಚೋದಕ ಕಥೆಗಳಲ್ಲಿ ಬಳಸಕೂಡದೆಂದು ಎಚ್ಚರಿಸಿತು.

ಒಳಗೂ ಜಗಳವಿತ್ತು. ಗೆಳೆತನಕ್ಕಿಂತ ದೊಡ್ಡದು ಯಾವುದಿದೆ, ಅದನ್ನೇಕೆ ಕೆಡಿಸುತ್ತೀರಿ ಎಂದು ಹಳೆಯ ಅಭಿಮಾನಿಗಳು ಸಿಡಿಮಿಡಿಗೊಂಡರು. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಎಷ್ಟೋ ಕಥೆಗಳಲ್ಲಿ ನಾಯಕರು ತಾವು ಸಲಿಂಗಿಗಳಲ್ಲ, ಪರಸ್ಪರ ಪ್ರೀತಿಸುವವರು ಅಷ್ಟೇ ಎಂದು ಹೇಳಿಕೊಳ್ಳುತ್ತಿದ್ದರು. ಹಾಗಾದರೆ ನಿಜವಾದ ಸಲಿಂಗಿಗಳ ಬದುಕು, ಅವರು ಉಣ್ಣುವ ಅವಮಾನ ಈ ಕಥೆಗಳಿಗೆ ಬೇಡವೇ? ಈ ಪ್ರಶ್ನೆಗೆ ಪೂರ್ತಿ ಸಮಾಧಾನ ಇಂದಿಗೂ ದೊರೆತಿಲ್ಲ.

ಸೃಷ್ಟಿಕರ್ತ ರಾಡನ್‌ಬೆರಿಯ ನಿಲುವು ಜಾಣತನದ್ದು. 1979ರಲ್ಲಿ ಬಂದ ತಮ್ಮ ಚಲನಚಿತ್ರದ ಕಾದಂಬರಿ ರೂಪದಲ್ಲಿ ಅವರು 'ತೈಲಾ' ಎಂಬ ವಲ್ಕನ್ ಪದವನ್ನು ತಂದು, ಅದಕ್ಕೆ ಗೆಳೆಯ, ಸೋದರ, ಪ್ರಿಯಕರ ಎಂಬ ಮೂರೂ ಅರ್ಥಗಳನ್ನು ಅಡಿಟಿಪ್ಪಣಿಯಲ್ಲಿ ಕೊಟ್ಟರು. ತನ್ನ ಒಲವು ಹೆಣ್ಣಿನ ಕಡೆಗೇ ಎಂದು ಕರ್ಕ್ ಬಾಯಲ್ಲಿ ಹೇಳಿಸಿ ಬಾಗಿಲನ್ನು ಅರ್ಧ ಮುಚ್ಚಿದರು. ಅಭಿಮಾನಿಗಳಿಗೆ ಉಳಿದರ್ಧವೇ ಸಾಕಾಯಿತು.

ಹಳೆಯ ಚಟ

ಇದು ಟೆಲಿವಿಷನ್ ಕಾಲದ ಚಟವೆಂದು ತಿಳಿಯಬೇಕಿಲ್ಲ. ಹೋಮರನ 'ಇಲಿಯಡ್' ಮಹಾಕಾವ್ಯದಲ್ಲಿ ಪೆಟ್ರೋಕ್ಲಸ್ ಸತ್ತಾಗ ವೀರ ಅಕಿಲೀಸ್ ಮಣ್ಣಿನಲ್ಲಿ ಹೊರಳಿ ಅಳುತ್ತಾನೆ. ಇಬ್ಬರೂ ಪ್ರೇಮಿಗಳೆಂದು ಹೋಮರ್ ಎಲ್ಲೂ ಹೇಳುವುದಿಲ್ಲ. ಕ್ರಿಸ್ತಪೂರ್ವ 5ನೇ ಶತಮಾನದ ನಾಟಕಕಾರ ಈಸ್ಕಿಲಸ್ ಹಾಗೆಂದು ನಾಟಕವನ್ನೇ ಬರೆದ. ಪ್ಲೇಟೊನ 'ಸಿಂಪೋಸಿಯಂ' ಕೃತಿಯಲ್ಲಿ ಬರುವ ಫೀಡ್ರಸ್, ಈಸ್ಕಿಲಸ್ ಹೇಳಿದ್ದು ತಪ್ಪು, ಇಬ್ಬರಲ್ಲಿ ಕಿರಿಯವನು ಅಕಿಲೀಸನೇ ಎಂದು ವಾದ ಹೂಡುತ್ತಾನೆ. ಅಭಿಮಾನಿ ಪತ್ರಿಕೆಗಳ ಓದುಗರ ಅಂಕಣದ ಜಗಳಕ್ಕೂ ಇದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. ಅದೇ ಜೋಡಿಯ ಬಗ್ಗೆ ಮೆಡೆಲಿನ್ ಮಿಲ್ಲರ್ ಬರೆದ ಕಾದಂಬರಿಗೆ 2012ರಲ್ಲಿ ಬ್ರಿಟನ್ನಿನ ಆರೆಂಜ್ ಪ್ರಶಸ್ತಿ ಸಂದಿತು.

ಇನ್ನೊಬ್ಬರ ಕಥೆಯನ್ನು ತನ್ನ ಮನಸ್ಸಿಗೆ ಬಂದಂತೆ ತಿದ್ದಿ ಬರೆಯುವುದು ಕನ್ನಡಕ್ಕೂ ಹೊಸದಲ್ಲ. ಪಂಪ ತನ್ನ 'ವಿಕ್ರಮಾರ್ಜುನ ವಿಜಯ'ದಲ್ಲಿ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮಡದಿಯಾಗಿಸಿದ. ವ್ಯಾಸರ ಅಪ್ಪಣೆ ಕೇಳುವ ಗೋಜಿಗೆ ಹೋಗಲಿಲ್ಲ. ಕಥೆಗಳಿಗೆ ಒಡೆಯರು ಹುಟ್ಟಿಕೊಂಡದ್ದು ಹಕ್ಕುಸ್ವಾಮ್ಯದ ಕಾನೂನು ಬಂದ ಮೇಲೆ.

ಜೈಲಿನವರೆಗೆ

ಜಪಾನಿನಲ್ಲಿ ಇದೇ ಪ್ರವೃತ್ತಿ ಸ್ವತಂತ್ರವಾಗಿ ಬೆಳೆಯಿತು. 1975ರ ಡಿಸೆಂಬರಿನಲ್ಲಿ ಟೋಕಿಯೊದಲ್ಲಿ ನಡೆದ ಮೊದಲ ಹವ್ಯಾಸಿ ಚಿತ್ರಕಥೆಗಳ ಸಂತೆಗೆ 32 ತಂಡಗಳು, ಸುಮಾರು 700 ಜನ ಬಂದಿದ್ದರು. ಹೆಚ್ಚಿನವರು ಹುಡುಗಿಯರು. ಗಂಡು ನಾಯಕರ ಪ್ರಣಯದ ಕಥೆಗಳಿಗೆ ಅಲ್ಲಿನವರು 'ಯಾಓಯಿ' ಎಂದರು. ಶಿಖರವಿಲ್ಲ, ಮುಗಿತಾಯವಿಲ್ಲ, ಅರ್ಥವಿಲ್ಲ ಎಂಬ ಮೂರು ಮಾತುಗಳ ಮೊದಲಕ್ಷರಗಳಿಂದ ಆದ ಪದವದು. ತಮ್ಮನ್ನು ತಾವೇ ಗೇಲಿ ಮಾಡಿಕೊಂಡ ಪರಿ.

ಚೀನಾದಲ್ಲಿ ಸಂಗತಿ ಗೇಲಿಯಲ್ಲಿ ಮುಗಿಯಲಿಲ್ಲ. 2018ರಲ್ಲಿ ಅನ್‌ಹುಯಿ ಪ್ರಾಂತ್ಯದ ನ್ಯಾಯಾಲಯವೊಂದು, ಗಂಡಸರ ನಡುವಿನ ಕಾಮದ ಕಾದಂಬರಿಯನ್ನು ಬರೆದು ಮಾರಿದ ಲೇಖಕಿಯೊಬ್ಬರಿಗೆ ಹತ್ತೂವರೆ ವರ್ಷಗಳ ಜೈಲು ಶಿಕ್ಷೆ ವಿಧಿಸಿತು. ಶಿಕ್ಷೆ ಅತಿಯಾಯಿತೆಂದು ಚೀನಾದಲ್ಲೇ ಅನೇಕರು ದನಿಯೆತ್ತಿದರು. 2020ರಲ್ಲಿ ಅಭಿಮಾನಿ ಕಥೆಗಳ ಅತಿ ದೊಡ್ಡ ಭಂಡಾರಗಳಲ್ಲೊಂದಾದ 'ಆರ್ಕೈವ್ ಆಫ್ ಅವರ್ ಓನ್' ಅಲ್ಲಿನ ಓದುಗರಿಗೆ ಸಿಗದಂತಾಯಿತು.

ಆ ಭಂಡಾರದ ಕಥೆಯೂ ಹೇಳುವಂಥದ್ದೇ. ವ್ಯಾಪಾರಿ ಸಂಸ್ಥೆಗಳ ತಾಣಗಳಲ್ಲಿ ತಮ್ಮ ಬರಹ ಯಾವಾಗ ಅಳಿಸಿಹೋಗುವುದೋ ಎಂಬ ಆತಂಕದಲ್ಲಿ ಅಭಿಮಾನಿಗಳೇ 2007ರಲ್ಲಿ ಲಾಭರಹಿತ ಸಂಸ್ಥೆ ಕಟ್ಟಿದರು. 2009ರಲ್ಲಿ ಭಂಡಾರ ಎಲ್ಲರಿಗೂ ತೆರೆಯಿತು. ನಡೆಸುವವರು ಸ್ವಯಂಸೇವಕರು, ಖರ್ಚಿಗೆ ಓದುಗರ ದೇಣಿಗೆ. 2019ರಲ್ಲಿ ಅದಕ್ಕೆ ವೈಜ್ಞಾನಿಕ ಕಥಾಲೋಕದ ಪ್ರತಿಷ್ಠಿತ ಹ್ಯೂಗೊ ಪ್ರಶಸ್ತಿ ಬಂತು. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಗ್ರಂಥಾಲಯ ಹಳೆಯ ಅಭಿಮಾನಿ ಪತ್ರಿಕೆಗಳನ್ನು ಸಂಗ್ರಹಿಸಿ ಕಾಪಾಡುತ್ತಿದೆ. ಒಂದು ಕಾಲಕ್ಕೆ ಹಾಸಿಗೆಯಡಿ ಬಚ್ಚಿಟ್ಟು ಓದಿದ ಪುಟಗಳನ್ನು ಈಗ ಸಂಶೋಧಕರು ಕೇಳಿ ಪಡೆದು ಓದುತ್ತಾರೆ.

1974ರ ಆ ಲೇಖಕಿ ತನ್ನ ಪಾತ್ರಗಳ ಹೆಸರು ಬರೆಯಲು ಅಂಜಿದ್ದರು. ಇಂದು ಅದೇ ಜೋಡಿಯ ಹೆಸರಿನಲ್ಲಿ ಸಾವಿರಾರು ಕಥೆಗಳು ಬಹಿರಂಗವಾಗಿ ಸಿಗುತ್ತವೆ. ಎಲ್ಲ ದೇಶಗಳಲ್ಲೂ ಅಲ್ಲ.