ನಲವತ್ತನಾಲ್ಕು ಬಾಲಚೋರರು

ಕಳವು ಮಾಡಿದ ಬಾಲಕನನ್ನು ಕಂಡೊಡನೆ ಲೋಕವು ಕೇಳುವುದು ಅವನು ಏನನ್ನು ಕದ್ದನೆಂದು. ಅದಕ್ಕೂ ಮೊದಲು ಅವನು ಏನನ್ನು ಕಳೆದುಕೊಂಡಿದ್ದನೆಂದು ಕೇಳುವವರು ವಿರಳ. ಹಾಗೆ ಕೇಳಿ, ಉತ್ತರವನ್ನು ಲೆಕ್ಕವಿಟ್ಟು ಅರಸಿದವರಲ್ಲಿ ಇಂಗ್ಲೆಂಡಿನ ಮನೋವೈದ್ಯ ಜಾನ್ ಬೌಲ್ಬಿಯವರು (1907–1990) ಪ್ರಮುಖರು.

1936ರಿಂದ 1939ರವರೆಗೆ ಅವರು ಲಂಡನ್ ನಗರದ ಮಕ್ಕಳ ಮಾನಸಿಕ ಚಿಕಿತ್ಸಾಲಯವೊಂದರಲ್ಲಿದ್ದರು. ಅಲ್ಲಿಗೆ ಬಂದವರಲ್ಲಿ ಕಳವಿನ ಚಾಳಿಯಿದ್ದ 44 ಮಕ್ಕಳನ್ನು, ಮನಸ್ಸು ಕದಡಿದ್ದರೂ ಕಳವಿಗೆ ಕೈಹಾಕದ ಬೇರೆ 44 ಮಕ್ಕಳೊಡನೆ ಹೋಲಿಸಿ ನೋಡಿದರು. ಫಲಿತಾಂಶವು 1944ರಲ್ಲಿ ಪ್ರಕಟವಾಯಿತು. ಕದ್ದವರಲ್ಲಿ 14 ಮಂದಿ ಯಾರಲ್ಲಿಯೂ ಅಕ್ಕರೆಯಿಲ್ಲದವರು. ಮೆಚ್ಚಿಕೆಯಾಗಲಿ ದಂಡನೆಯಾಗಲಿ ಅವರ ಮನಸ್ಸನ್ನು ಮುಟ್ಟುತ್ತಿರಲಿಲ್ಲ. ಈ 14ರಲ್ಲಿ 12 ಮಂದಿ ಎಳವೆಯಲ್ಲಿ ತಾಯಿಯಿಂದಲೋ ಸಾಕುತಾಯಿಯಿಂದಲೋ ಬಹುಕಾಲ ಅಗಲಿದ್ದವರು. ಕದ್ದ ಉಳಿದ 30 ಮಕ್ಕಳಲ್ಲಿ ಅಂಥವರು 5. ಕದಿಯದ 44ರಲ್ಲಿ ಕೇವಲ 2. ಮನೆಯಲ್ಲಿದ್ದೇ ಹೆತ್ತವರ ಸಿಡುಕನ್ನೂ ದ್ವೇಷವನ್ನೂ ಉಂಡು ಬೆಳೆದ ಮಕ್ಕಳೂ ಕದ್ದವರ ಗುಂಪಿನಲ್ಲಿದ್ದರು.

ನೆಚ್ಚಿದವರು ಮರೆಯಾದಾಗ ಮಗುವಿನಲ್ಲಿ ಆಸೆಯೂ ಕೋಪವೂ ಒಟ್ಟಿಗೆ ಉಕ್ಕುತ್ತವೆ. ಮತ್ತೊಮ್ಮೆ ನೋಯಬಾರದೆಂದು ಅದು ಎದೆಯನ್ನು ಕಲ್ಲುಮಾಡಿಕೊಳ್ಳುತ್ತದೆ ಎಂಬುದು ಬೌಲ್ಬಿಯವರ ವಿವರಣೆ.

ಯುದ್ಧವು ಈ ಪ್ರಶ್ನೆಯನ್ನು ಇಡೀ ದೇಶದ ಪ್ರಶ್ನೆಯನ್ನಾಗಿ ಮಾಡಿತು. 1939ರಲ್ಲಿ ಬಾಂಬಿನ ಭಯದಿಂದ ನಗರದ ಮಕ್ಕಳನ್ನು ಹಳ್ಳಿಗಳಿಗೆ ಸಾಗಿಸುತ್ತಿದ್ದಾಗ, ಬೌಲ್ಬಿ, ಮಿಲ್ಲರ್, ವಿನಿಕಾಟ್ ಎಂಬ ಮೂವರು ವೈದ್ಯರು ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಗೆ ಬರೆದರು. 2ರಿಂದ 5 ವರ್ಷದ ಮಕ್ಕಳನ್ನು ತಾಯಂದಿರಿಲ್ಲದೆ ಕಳುಹಿಸಿದರೆ ಮುಂದೆ ಬಾಲಾಪರಾಧವು ಹೆಚ್ಚೀತೆಂಬುದು ಅವರ ಎಚ್ಚರಿಕೆಯಾಗಿತ್ತು.

ಆದರೆ ಶಾಸ್ತ್ರವು ಒಬ್ಬರ ಮಾತಿಗೆ ನಿಲ್ಲತಕ್ಕುದಲ್ಲ. ಮಕ್ಕಳ ಸ್ವಭಾವವನ್ನು ನಿರ್ಣಯಿಸಿದವರೂ ಅವರ ಪೂರ್ವವೃತ್ತಾಂತವನ್ನು ತೂಗಿದವರೂ ಬೌಲ್ಬಿಯವರೇ ಎಂಬ ಆಕ್ಷೇಪವು ಬಂದಿತು. ಕ್ಷಯರೋಗದ ಆರೋಗ್ಯಧಾಮದಲ್ಲಿ ಎಳವೆಯ ಕೆಲಕಾಲವನ್ನು ಕಳೆದ 60 ಮಕ್ಕಳನ್ನು ಅವರೇ ಸಹೋದ್ಯೋಗಿಗಳೊಡನೆ ಪರೀಕ್ಷಿಸಿದರು. ಹೆಚ್ಚಿನವರು ಅಕ್ಕರೆಯರಿಯದವರಾಗಿರಲಿಲ್ಲ. ತಮ್ಮ ಹಿಂದಿನ ಮಾತು ಅತಿಯಾಯಿತೆಂದು ಬೌಲ್ಬಿಯವರು 1956ರಲ್ಲಿ ಒಪ್ಪಿಕೊಂಡರು. ಅಗಲಿಕೆಗಿಂತ ಮನೆಯೊಳಗಣ ಕಲಹವೇ ಮಕ್ಕಳ ದುರ್ನಡತೆಗೆ ಹೆಚ್ಚು ಸಂಬಂಧಪಟ್ಟುದೆಂದು 1972ರಲ್ಲಿ ಮೈಕೇಲ್ ರಟ್ಟರ್ ವಾದಿಸಿದರು.

ಆದುದರಿಂದ ಆ 44 ಮಕ್ಕಳ ವೃತ್ತಾಂತವು ತಾಯಂದಿರನ್ನು ದೂಷಿಸುವುದಕ್ಕೆ ಸಾಧನವಲ್ಲ. ಅಗಲಿದ ಪ್ರತಿ ಮಗುವಿನ ಹಣೆಬರಹವೂ ಅಲ್ಲ. ಅದು ಉಳಿಸಿಹೋದುದು ಒಂದು ವಿವೇಕವನ್ನು: ದಂಡನೆಯು ಮುಟ್ಟದಷ್ಟು ಕಲ್ಲಾದ ಎದೆಗೆ ಇನ್ನೂ ದೊಡ್ಡ ದಂಡನೆಯು ಔಷಧವಾಗದು. ನ್ಯಾಯಪೀಠದ ಮುಂದೆ ನಿಂತ ಬಾಲಕನ ಕೈಯಲ್ಲಿ ಸಿಕ್ಕಿದ ವಸ್ತುವನ್ನು ಲೆಕ್ಕ ಹಾಕುವವರು, ಆ ಕೈಯನ್ನು ಶೈಶವದಲ್ಲಿ ಹಿಡಿದು ನಡೆಸಿದವರು ಯಾರಾದರೂ ಇದ್ದರೇ ಎಂಬುದನ್ನೂ ವಿಚಾರಿಸಬೇಕು.